ಬೀಗದ ಕೈ ಕುಂಡದ ಕೆಳಗೆ

ಬೀಗದ ಕೈ ಮೂರನೆಯ ಕುಂಡದ ಕೆಳಗೆ, ಎಂದು ಬರೆದಿದ್ದರು.
ಇತ್ತು. ಒಂದು ಬಸವನಹುಳುವೂ ಇತ್ತು.
ಬಾಗಿಲನ್ನು ಎಡಕ್ಕೆ ತುಸು ಎತ್ತಿ ತಳ್ಳಿ, ಎಂದಿದ್ದರು.
ಎತ್ತಿದೆ. ಪೋರ್ಚುಗಲ್ಲಿನ ಸೆತುಬಲ್ ಎಂಬ ಊರಿನ ಮನೆಯೊಂದು
ಗುರುತು ಕೇಳದೆ ನನ್ನನ್ನು ಒಳಗೆ ಬಿಟ್ಟುಕೊಂಡಿತು.

ಮನೆ ಕಟ್ಟಿ ನೋಡು ಎಂಬ ಮಾತು ಹಳೆಯದು.
ಮನೆ ಬಿಟ್ಟುಕೊಟ್ಟು ನೋಡಿ.
ಬಲ್ಗೇರಿಯಾದ ಪ್ಲೊವ್ದಿವ್‌ನಲ್ಲಿ ನಾಲ್ಕನೆಯ ಮಹಡಿ, ಎರಡು ಕೋಣೆ:
ಮೂವತ್ತು ವರ್ಷ ಅಂಚೆ ಬೇರ್ಪಡಿಸಿದ ಕೈಗೆ ದಕ್ಕಿದ್ದು ಅಷ್ಟು.
ಕಡಲ ಪಕ್ಕದ ಹೋಟೆಲಿನಲ್ಲಿ ನಾಲ್ಕು ರಾತ್ರಿ ಮಲಗಿದರೆ
ತಿಂಗಳ ಪಿಂಚಣಿ ಮುಗಿದು
ಐದನೆಯ ಬೆಳಗಿನ ಕಾಫಿಗೆ ಸಾಲ.
ಅದಕ್ಕೇ ಈ ಲೆಕ್ಕ: ನನ್ನ ಮಂಚ ಅವರಿಗೆ, ಅವರ ಮಂಚ ನನಗೆ,
ಇಪ್ಪತ್ತೊಂದು ದಿನ. ಯಾರೂ ಕಾಸು ಬಿಚ್ಚುವಂತಿಲ್ಲ.

ಹೊರಡುವ ಮುನ್ನ ನಾನೂ ಬರೆದಿಟ್ಟು ಬಂದೆ, ಮೂರು ಹಾಳೆ:
ಬಿಸಿನೀರು ಬರಲು ಎಪ್ಪತ್ತರವರೆಗೆ ಎಣಿಸಬೇಕು.
ಕೆಳಮನೆಯ ಝಿವ್ಕೊ ಕುಡಿದು ಹಾಡಿದರೆ ಬೈಯಬೇಡಿ,
ಹತ್ತು ಗಂಟೆಗೆ ತಾನೇ ನಿಲ್ಲಿಸುತ್ತಾನೆ.
ಅಡುಗೆಮನೆಯ ಕಿಟಕಿ ಮುಚ್ಚುವುದಿಲ್ಲ, ಚಮಚ ಸಿಕ್ಕಿಸಿ.
ಬರೆಯುತ್ತ ನಗು ಬಂತು. ಆಮೇಲೆ ಬರಲಿಲ್ಲ.
ತಂಗಿ ರುಸಾಂಕಾ ಕೂರುತ್ತಿದ್ದ ಕುರ್ಚಿಯ ಬಗ್ಗೆ ಏನು ಬರೆಯಲಿ?
ಗಟ್ಟಿಯಾಗಿದೆ, ಕೂರಬಹುದು
ಎಂದಷ್ಟೇ ಬರೆದೆ.

ಇಲ್ಲಿ ಮೊದಲ ಮೂರು ದಿನ ತುದಿಗಾಲಲ್ಲಿ ನಡೆದೆ.
ಅಂಚು ಒಡೆದ ಕಪ್ಪನ್ನೇ ಹುಡುಕಿ ಕಾಫಿ ಕುಡಿದೆ,
ಕೈಜಾರಿದರೂ ಯಾರಿಗೂ ನೋವಾಗದಿರಲೆಂದು.
ಎದುರುಮನೆಯ ಬೆನ್ವಿಂದಾ ತಟ್ಟೆಯಲ್ಲಿ ಆರು ಬೂತಾಯಿ ತಂದವಳು
ಕಪ್ಪು ನೋಡಿ ಎದೆ ಮುಟ್ಟಿಕೊಂಡು ನಕ್ಕಳು:
ಕುಸ್ತೋದಿಯೊ! ಕುಸ್ತೋದಿಯೊ!
ಮನೆಯೊಡೆಯನ ನಿತ್ಯದ ಕಪ್ಪು ಅದು.
ಅವಳ ಭಾಷೆ ನನಗಿಲ್ಲ, ನನ್ನದು ಅವಳಿಗಿಲ್ಲ.
ಮೀನಿನ ಮುಳ್ಳು ಬಿಡಿಸಲು ಭಾಷೆ ಏಕೆ?

ಮೀನು ಮಾರುವವ ಮೊದಲ ದಿನ ಪ್ರವಾಸಿಗಳ ದರ ಹೇಳಿದ್ದ.
ಒಂಬತ್ತನೆಯ ದಿನ
ಬಾಗಿಲ ಹಿಂದೆ ತೂಗುತ್ತಿದ್ದ ಚೌಕುಳಿ ಚೀಲ ಹಿಡಿದು ಹೋದೆ.
ಚೀಲ ನೋಡಿದ, ನನ್ನ ಮುಖ ನೋಡಿದ,
ಮತ್ತೆ ಚೀಲ ನೋಡಿ
ತಕ್ಕಡಿಗೆ ಇನ್ನೊಂದು ಮೀನು ಎಸೆದ.
ಪರವೂರಲ್ಲಿ ನನಗೆ ಜಾಮೀನು ನಿಂತದ್ದು
ಒಂದು ಹಳೇ ಬಟ್ಟೆಯ ಚೀಲ.

ನೋಡಲೇಬೇಕಾದ ಕೋಟೆಯ ನಕ್ಷೆ ಮಡಚಿದಂತೆಯೇ ಇದೆ.
ಗುರುವಾರ ಕಸದ ಗಾಡಿ ಯಾವಾಗ ಬರುತ್ತದೆಂದು ಬಲ್ಲೆ.

ಹದಿನಾಲ್ಕನೆಯ ಸಂಜೆ ಫೋನಿಗೊಂದು ಚಿತ್ರ ಬಂತು:
ನನ್ನ ಅಡುಗೆಮನೆಯ ಕಿಟಕಿ,
ಮುಚ್ಚಿದೆ.
ಹನ್ನೊಂದು ವರ್ಷ ಅದು ಕಚ್ಚಿಕೊಂಡಿದ್ದ ಚಮಚ
ತೊಳೆದು ಮೇಜಿನ ಮೇಲೆ ಇಟ್ಟಿದ್ದಾರೆ.
ಕುಸ್ತೋದಿಯೊ ಬಡಗಿಯಂತೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ.
ಚಿತ್ರದ ಮೂಲೆಯಲ್ಲಿ ರುಸಾಂಕಾಳ ಕುರ್ಚಿ,
ಅದರ ಬೆನ್ನಿಗೆ ಯಾರದೋ ಕಂದು ಕೋಟು.
ಬಹಳ ಹೊತ್ತು ನೋಡಿದೆ.
ಸಿಟ್ಟು ಬರುತ್ತದೆಂದು ಕಾದೆ.
ಹಸಿವಾಯಿತು.

ನನಗೆ ಉಳಿ ಹಿಡಿಯಲು ಬರುವುದಿಲ್ಲ, ಋಣ ಇಟ್ಟುಕೊಳ್ಳಲೂ ಬರುವುದಿಲ್ಲ.
ಬಾಗಿಲ ಸಂದಿಯಿಂದ ಬಿದ್ದು ರಾಶಿಯಾಗಿದ್ದ ಟಪಾಲನ್ನು
ಬೇರ್ಪಡಿಸಿ ಮೇಜಿನ ಮೇಲೆ ಜೋಡಿಸಿದೆ:
ಬಿಲ್ಲುಗಳು ಕೆಳಗೆ, ಅವಸರವಿಲ್ಲದವು ನಡುವೆ,
ಕೈಬರಹದಲ್ಲಿ ವಿಳಾಸವಿದ್ದ ಒಂದೇ ಒಂದು ಲಕೋಟೆ
ಎಲ್ಲಕ್ಕಿಂತ ಮೇಲೆ.

ಕೊನೆಯ ಬೆಳಿಗ್ಗೆ ಬೆನ್ವಿಂದಾ ಬಸ್ಸಿಗೆಂದು ರೊಟ್ಟಿ ಕಟ್ಟಿಕೊಟ್ಟಳು,
ಮೊಮ್ಮಗನನ್ನು ಬೈಯುವ ದನಿಯಲ್ಲೇ ಏನೋ ಬೈದಳು.
ಕೈ ಇಡಲು ಮೂರನೆಯ ಕುಂಡ ಎತ್ತಿದೆ. ಹುಳು ಅಲ್ಲಿರಲಿಲ್ಲ.
ಬಾಗಿಲು ಎಳೆದುಕೊಳ್ಳುವಾಗ
ಎಡಕ್ಕೆ ತುಸು ಎತ್ತಿದ್ದೆ ಎಂಬುದು
ಬೀದಿಯ ತಿರುವಿನಲ್ಲಿ ನೆನಪಾಯಿತು.